ಮೇಲೊಬ್ಬ, ಕೆಳಗೊಬ್ಬ

ಹಿರೇಕೆರೂರಿನ ಅಡತಿ ಅಂಗಡಿಗಳಲ್ಲಿ ಹತ್ತಿಯ ಅಂಡಿಗೆ ಹೊರುತ್ತಿದ್ದ ಉಡಚಪ್ಪನನ್ನು ಅಲ್ಲಿನವರು ಮಾತು ಕಡಿಮೆಯ ಹಮಾಲ ಎಂದಷ್ಟೇ ಬಲ್ಲರು. ಆ ಊರಲ್ಲಿ ಹಂಚಿನ ಮನೆಗಳೇ ಹೆಚ್ಚು. ಅವನಿಗೆ ಅದೇ ಬೇಕಾಗಿತ್ತು. ಕಾಲಿಟ್ಟು ನಡೆಯುವಂಥ ಮಾಳಿಗೆ ಕಣ್ಣಿಗೆ ಬೀಳದ ಊರು ಹುಡುಕಿಕೊಂಡೇ ಅವನು ಹೆಂಡತಿ ಶಾರವ್ವನ ಜೊತೆ ಅಲ್ಲಿಗೆ ಹೋದದ್ದು. ಅದಕ್ಕೂ ಮುಂಚೆ, ಸವಣೂರು ಶಿಗ್ಗಾಂವಿ ಸೀಮೆಯಲ್ಲಿ, ಅವನ ಹಾಗೆ ಮಾಳಿಗೆ ಬಲ್ಲವನು ಇನ್ನೊಬ್ಬನಿರಲಿಲ್ಲ. ಹೊಗಳಿಕೆಗೆ ಹೇಳುವ ಮಾತಲ್ಲ ಇದು. ಅವನ ಮೇಲೆ ಕೆಂಡ ಕಾರಿದವರೂ ಇಷ್ಟನ್ನು ಒಪ್ಪುತ್ತಿದ್ದರು.

ಹತ್ತಿಮತ್ತೂರಿನ ಕೆಳಗಿನ ಕೇರಿಯಲ್ಲಿ ಹುಟ್ಟಿದವನು. ಅಪ್ಪ ಮಾಳಪ್ಪ, ಅವನಪ್ಪ, ಎಲ್ಲರದ್ದೂ ಒಂದೇ ಕೆಲಸ. ರೋಹಿಣಿ ಮಳೆ ಬೀಳುವ ಮೊದಲು ಊರಿನವರ ಮಾಳಿಗೆಗೆ ಹಳ್ಳದ ದಂಡೆಯ ಕರಲು ಮಣ್ಣು ಹಾಕಿ, ತುಳಿದು, ಬಡಿದು, ನೀರು ಹೊರಗೆ ಬೀಳುವ ದೋಣಿಯ ಕಡೆಗೆ ಹರಿಯುವ ಹಾಗೆ ಇಳಿಜಾರು ಕೊಡುವುದು. ಆ ಕಡೆಯ ಮನೆಗಳ ಮಾಡು ಕಟ್ಟಿಗೆ ಮತ್ತು ಮಣ್ಣಿನದು. ಗೋಡೆಯಿಂದ ಗೋಡೆಗೆ ಒಂದು ದಪ್ಪ ತೊಲೆ, ತೊಲೆಯ ಮೇಲೆ ಅಡ್ಡಡ್ಡಲಾಗಿ ಸಣ್ಣ ಜಂತಿಗಳು, ಜಂತಿಯ ಮೇಲೆ ಕಟ್ಟಿಗೆಯ ಚಕ್ಕೆ, ಅದರ ಮೇಲೆ ಒಂದೂವರೆ ಗೇಣು ಮಣ್ಣು. ಬೆಳಕಿಗೆಂದು ನಡುವೆ ಒಂದು ಬೆಳಕಿಂಡಿ. ಭಾರ ತಡೆಯುವುದು ತೊಲೆ. ಜಂತಿ ತನ್ನ ಪಾಲಿನ ಮಣ್ಣನ್ನು ಹೊತ್ತರೆ ಅದೇ ದೊಡ್ಡದು. ಮೇಲಿಂದ ನೋಡಿದರೆ ಎಲ್ಲವೂ ಒಂದೇ ಮಣ್ಣು. ಆದರೆ ಉಡಚಪ್ಪನ ಹಿಮ್ಮಡಿಗೆ ಗೊತ್ತಾಗುತ್ತಿತ್ತು. ತೊಲೆಯ ಮೇಲೆ ಹೆಜ್ಜೆ ಗಟ್ಟಿಯಾಗಿ ಕೂರುತ್ತಿತ್ತು, ಜಂತಿಯ ಮೇಲೆ ಒಂಚೂರು ಪೊಳ್ಳು ಸದ್ದು ಬರುತ್ತಿತ್ತು.

ಹಿಮ್ಮಡಿಯಿಂದಲೇ ಯಾಕೆ ತಿಳಿಯಬೇಕು, ಒಳಗೆ ಹೋಗಿ ತಲೆ ಎತ್ತಿದರೆ ತೊಲೆ ಕಾಣುವುದಿಲ್ಲವೇ ಎಂದು ಕೇಳುವವರು ಆ ಕಾಲವನ್ನು ಕಂಡವರಲ್ಲ. ಉಡಚಪ್ಪ ಹಿತ್ತಲ ಗೋಡೆಗೆ ಏಣಿ ಹಾಕಿ ಮೇಲೆ ಹತ್ತಬೇಕು, ಹಾಗೇ ಇಳಿಯಬೇಕು. ಮೂರು ತಲೆಮಾರಿನಿಂದ ಆ ಮನೆತನ ಊರನ್ನು ಮಳೆಯಿಂದ ಕಾಯ್ದಿತ್ತು, ಒಂದು ಮನೆಯ ಒಳಗನ್ನೂ ನೋಡಿರಲಿಲ್ಲ. ಮುಟ್ಟು ಚಟ್ಟು ಮಾಡಿದರೆ ಶಿಕ್ಷೆ ಎಂಬ ಕಾಯ್ದೆ ಬಂದು ವರ್ಷಗಳಾಗಿದ್ದವು. ಆ ಕಾಗದ ಕಚೇರಿಯ ತನಕ ಬಂದಿತ್ತು, ಹೊಸ್ತಿಲ ತನಕ ಬಂದಿರಲಿಲ್ಲ.

ಅರವತ್ತರ ಇಸವಿಯ ಮಳೆಗಾಲದಲ್ಲಿ ಸವಣೂರಿನ ಗುದ್ಲೆಪ್ಪ ಅವನಿಗೆ ಹೇಳಿ ಕಳಿಸಿದ. ಗುದ್ಲೆಪ್ಪ ರೇಡಿಯೋ ಮಾರುವವನು, ರಿಪೇರಿಯನ್ನೂ ಮಾಡುವವನು. ಕರೆಂಟಿಲ್ಲದ ಹಳ್ಳಿಗಳಿಗೆ ಬ್ಯಾಟರಿಯ ಮೇಲೆ ನಡೆಯುವ ದೊಡ್ಡ ರೇಡಿಯೋಗಳನ್ನು ಸೈಕಲ್ಲಿನ ಮೇಲೆ ಕಟ್ಟಿಕೊಂಡು ಹೋಗುತ್ತಿದ್ದ. ಧಾರವಾಡ ಕೇಂದ್ರ ಸ್ವಚ್ಛವಾಗಿ ಕೇಳಬೇಕಾದರೆ ಮಾಳಿಗೆಯ ಮೇಲೆ ಎರಡು ಗಳ ನಿಲ್ಲಿಸಿ, ನಡುವೆ ತಾಮ್ರದ ತಂತಿ ಎಳೆಯಬೇಕು. ಅದಕ್ಕೆ ಏರಿಯಲ್ ಎನ್ನುತ್ತಿದ್ದರು. ಗಳ ನಿಲ್ಲಬೇಕಾದರೆ ಮಾಳಿಗೆಗೆ ಗುದ್ದಲಿ ಬೀಳಬೇಕು. ಗುದ್ದಲಿ ಬಿದ್ದ ಮಾಳಿಗೆ ಮೊದಲ ಮಳೆಗೇ ಸೋರುತ್ತಿತ್ತು. ಗುದ್ಲೆಪ್ಪ ಕಾಲಿಟ್ಟ ಊರುಗಳಲ್ಲಿ ಹೆಂಗಸರು ರೇಡಿಯೋದ ಕೆಳಗೆ ಒಂದು, ಪಕ್ಕದಲ್ಲಿ ಒಂದು ಕೊಡ ಇಟ್ಟುಕೊಂಡು ಅವನಿಗೆ ಹಿಡಿಶಾಪ ಹಾಕುತ್ತಿದ್ದರು. ಅವನ ಸ್ವಂತ ಅಂಗಡಿಯ ಮಾಳಿಗೆಯೂ ಸೋರುತ್ತಿತ್ತು. ಅದನ್ನು ಮುಚ್ಚಲೆಂದೇ ಉಡಚಪ್ಪನನ್ನು ಕರೆಸಿದ್ದು.

ಉಡಚಪ್ಪ ಗಳ ಕಿತ್ತು ಪಕ್ಕಕ್ಕಿಟ್ಟು ತೂತನ್ನು ನೋಡಿದ.

"ಮುಚ್ಚೋದು ಸಸಾರ ಐತ್ರಿ. ಮತ್ತ ಅಲ್ಲೇ ಗಳ ನೆಡತೀರಿ, ಮತ್ತ ನನ್ನ ಕರೀತೀರಿ."

"ನೆಡದ ಗಳ ಹೆಂಗ ನಿಂದರತೈತೋ ಮಾರಾಯ?" ಎಂದ ಗುದ್ಲೆಪ್ಪ.

"ನಾ ನಿಂತೇನಿ ನೋಡ್ರಿ. ನನ್ನ ಯಾರರ ನೆಟ್ಟಾರೇನ್ರಿ?"

ಗುದ್ಲೆಪ್ಪ ನಕ್ಕುಬಿಟ್ಟ. ಉಡಚಪ್ಪ ನಗಲಿಲ್ಲ, ಅವನು ಖರೆ ಹೇಳಿದ್ದ. ಮನುಷ್ಯ ಗಾಳಿಗೆ ಬೀಳದೆ ನಿಲ್ಲುವುದು ಕಾಲು ಅಗಲಿಸಿ, ಮೈಭಾರ ಬಿಟ್ಟು. ಗಳಕ್ಕೂ ಅಗಲವಾದ ಕಾಲು ಕೊಟ್ಟು ಮೇಲೆ ಭಾರ ಹೇರಿದರೆ ಅದೂ ನಿಂತೀತು. ಮಾಳಿಗೆಗೆ ಒಂದು ಸೂಜಿಯ ತೂತೂ ಬೇಡ.

ಹೇಳಿದಷ್ಟು ಸುಲಭವಾಗಿರಲಿಲ್ಲ. ಆ ವರ್ಷ ಪೂರ್ತಿ ಅವನು ಗುದ್ಲೆಪ್ಪನ ಅಂಗಡಿಯ ಮೇಲೇ ಇದ್ದ ಎನ್ನಬಹುದು. ಜಾಲಿಯ ಎರಡು ಹಲಗೆಗಳನ್ನು ಅಡ್ಡ ಕೂಡಿಸಿ ನಾಲ್ಕು ಕಾಲು ಮಾಡಿದ, ನಡುವೆ ಗಳ ಕೂರಲು ಒಂದು ಗೂಡು. ಕಾಲುಗಳ ಮೇಲೆ ಉಸುಕಿನ ಚೀಲ ಹೇರಿದ. ಎರಡು ತಿಂಗಳಲ್ಲಿ ಗೋಣಿ ಕೊಳೆತು ಉಸುಕು ಸುರಿದು ಗಳ ಬೀದಿಗೆ ಬಿತ್ತು, ಕೆಳಗೆ ಹೋಗುತ್ತಿದ್ದ ಎಮ್ಮೆಯೊಂದು ಬೆದರಿ ಚಹಾದಂಗಡಿಯೊಳಗೆ ನುಗ್ಗಿತು. ಆಮೇಲೆ ಮಣ್ಣು ತುಂಬಿದ ಗಡಿಗೆ ಇಟ್ಟ. ಮಂಗಗಳು ಉರುಳಿಸಿ ಆಟವಾಡಿದವು. ಕಡೆಗೆ ಕಲ್ಲಿಗೆ ಬಂದ. ಚಪ್ಪಟೆ ಕಲ್ಲುಗಳನ್ನು ಕಾಲಿನ ಮೇಲೆ ಹೇರಿ ತೊಗಲಿನ ಬಾರಿನಿಂದ ಬಿಗಿದ. ಕಲ್ಲಿನ ಬುಡದಲ್ಲಿ ನೀರು ನಿಂತು ಮಣ್ಣು ಹದಗೆಟ್ಟಿತು. ಕಾಲುಗಳಿಗೆ ಎರಡು ಬೆರಳು ಎತ್ತರದ ಕಟ್ಟಿಗೆಯ ಗುಬ್ಬಿ ಹೊಡೆದು, ಗುಬ್ಬಿಯ ಕೆಳಗೆ ಹಳೆಯ ಚಪ್ಪಲಿಯ ಅಟ್ಟೆ ಇಟ್ಟ. ನೀರು ಕೆಳಗಿನಿಂದ ಹರಿದುಹೋಯಿತು, ಮಣ್ಣಿಗೆ ಗಾಯವಾಗಲಿಲ್ಲ. ಆಷಾಢದ ಗಾಳಿ ಪಡುವಣದಿಂದ ಬೀಸುತ್ತದೆ, ಗಳ ಮೂಡಣಕ್ಕೆ ಮಗುಚುತ್ತದೆ. ಅದಕ್ಕೆಂದು ಮೂಡಣದ ಕಾಲನ್ನು ಉದ್ದ ಮಾಡಿ, ಪಡುವಣದ ಕಾಲಿನ ಮೇಲೆ ಹೆಚ್ಚಿನ ಕಲ್ಲು ಹೇರಿದ. ಮರುವರ್ಷದ ಆಷಾಢದಲ್ಲಿ ಸವಣೂರಿನ ಹುಣಸೆಮರಗಳ ಟೊಂಗೆ ಮುರಿದವು, ಅಂಗಡಿಯ ಮೇಲಿನ ಗಳ ಅಲ್ಲಾಡಲಿಲ್ಲ. ಉಡಚಪ್ಪ ಮಳೆಯಲ್ಲೇ ನಿಂತು ಅದನ್ನು ನೋಡುತ್ತಿದ್ದ. ಗುದ್ಲೆಪ್ಪ ಕೆಳಗಿನಿಂದ, "ಇಳದ ಬಾರೋ ಹುಚ್ಚಪ್ಪ, ಚಾ ಆರಾಕತ್ತೈತಿ" ಎಂದು ಕೂಗುತ್ತಿದ್ದ. ಅವರಿಬ್ಬರೂ ದೋಸ್ತರಾದದ್ದು ಆ ಮಳೆಯಲ್ಲಿ.

ಒಂದು ತೊಡಕು ಉಳಿದಿತ್ತು. ಇಷ್ಟು ಕಲ್ಲನ್ನು ಜಂತಿಯ ಮೇಲೆ ಇಡುವಂತಿಲ್ಲ. ಉದ್ದದ ಕಾಲು ತೊಲೆಯ ನೆತ್ತಿಯ ಮೇಲೇ ಮಲಗಬೇಕು. ತನ್ನೂರಿನ ಮಾಳಿಗೆಗಳಾದರೆ ಉಡಚಪ್ಪನ ಕಾಲಿಗೆ ಬಾಯಿಪಾಠ. ಪರವೂರಿನ ಮಾಳಿಗೆಗಳಲ್ಲಿ ಮಣ್ಣು ಎಲ್ಲೋ ದಪ್ಪ, ಎಲ್ಲೋ ತೆಳು, ಹಿಮ್ಮಡಿಯನ್ನೊಂದೇ ನಂಬಿ ಕಲ್ಲು ಹೇರಲು ಧೈರ್ಯ ಸಾಲದು. ಒಳಗೆ ಹೋಗಿ ನೋಡುವ ಹಾಗಿಲ್ಲ. ಇದಕ್ಕೂ ಅವನೇ ದಾರಿ ಹುಡುಕಿದ. ಗುದ್ಲೆಪ್ಪ ಒಳಗೆ ಹೋಗಬೇಕು, ಒನಕೆಯ ತುದಿಯನ್ನು ಸುಣ್ಣದಲ್ಲಿ ಅದ್ದಿ ತೊಲೆಗೆ ಕೆಳಗಿನಿಂದ ಎರಡು ಕಡೆ ಗುದ್ದಬೇಕು. ಆ ಗುದ್ದು ಮೇಲೆ ನಿಂತ ಉಡಚಪ್ಪನ ಅಂಗಾಲಿಗೆ ಸಿಗುತ್ತಿತ್ತು. ಎರಡು ಗುದ್ದಿನ ನಡುವೆ ಗೆರೆ ಎಳೆದರೆ ಅದೇ ತೊಲೆಯ ಸಾಲು. ಸುಣ್ಣ ಯಾಕೆಂದರೆ, ವರ್ಷಕ್ಕೊಮ್ಮೆ ಮಣ್ಣು ಹಾಕುವಾಗ ಗಳದ ಕಾಲನ್ನು ಎತ್ತಿಟ್ಟು ತಿರುಗಿ ಅಲ್ಲೇ ಕೂರಿಸಬೇಕು. ತೊಲೆಯ ಮೇಲಿನ ಬಿಳಿಯ ಗುರುತು ಒಣಗಿ ಗಟ್ಟಿಯಾಗಿ ವರ್ಷಗಟ್ಟಲೆ ಇರುತ್ತಿತ್ತು, ಮನೆಯವರೇ ಅದರ ಮೇಲೆ ಗುದ್ದಿ ತೋರಿಸಬಹುದಿತ್ತು.

"ಏನಪಾ ಇದು, ಊರ ಮಂದಿ ತಲಿ ಮ್ಯಾಲ ನೀ ನಿಂದರತಿ, ನಾ ನಿನ್ನ ಕಾಲ ಕೆಳಗ," ಎಂದು ಗುದ್ಲೆಪ್ಪ ಚಾಷ್ಟಿ ಮಾಡುತ್ತಿದ್ದ.

"ಹಂಗಾರ ಬದ್ಲಿ ಮಾಡೂಣು ನಡಿ. ನೀ ಏಣಿ ಹತ್ತು, ನಾ ಒಳಗ ಹೊಕ್ಕೇನಿ," ಎನ್ನುತ್ತಿದ್ದ ಉಡಚಪ್ಪ.

ಇಬ್ಬರೂ ನಗುತ್ತಿದ್ದರು. ಸವಣೂರಿನಲ್ಲಿ ಒಂದೇ ಬಾಕಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು, ಗುದ್ಲೆಪ್ಪ ಕೇರಿಗೆ ಬಂದು ಶಾರವ್ವ ಬಿಸಿರೊಟ್ಟಿಗೆ ಎಣ್ಣೆ ಹಾಕಿ ನಾದಿದ ಮುಟಿಗಿ ತಿಂದು ಹೋಗಿದ್ದ. ಹಳ್ಳಿ ಹತ್ತಿರ ಬಂತೆಂದರೆ ಮಾತ್ರ ಉಡಚಪ್ಪನ ನಾಲಗೆಗೆ ರೀ ತಾನಾಗಿ ಬರುತ್ತಿತ್ತು, ಗುದ್ಲೆಪ್ಪ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದ. ಇದನ್ನು ಅವರು ಮಾತಾಡಿ ಗೊತ್ತು ಮಾಡಿಕೊಂಡದ್ದಲ್ಲ. ಒಳಗೆ ಗುದ್ಲೆಪ್ಪನಿಗೆ ಊಟವಾಗುತ್ತಿತ್ತು, ಹಿತ್ತಲಿಗೆ ಉಡಚಪ್ಪನಿಗೆ ರೊಟ್ಟಿ ಬರುತ್ತಿತ್ತು. ಬೆಳಕಿಂಡಿಯೊಳಗಿಂದ ತಂತಿ ಇಳಿಬಿಟ್ಟು, ಕೆಳಗೆ ಹಾಡು ಶುರುವಾದಾಗ ಉಡಚಪ್ಪ ಬೆಳಕಿಂಡಿಯ ಬದಿಗೆ ಕುಕ್ಕರಗಾಲಲ್ಲಿ ಕೂತು ಕೇಳುತ್ತಿದ್ದ. ಮೇಲಿನಿಂದ ಕೇಳಿದರೂ ಹಾಡು ಹಾಡೇ ಎನ್ನುತ್ತಿದ್ದ ಶಾರವ್ವನಿಗೆ.

ಐದು ವರ್ಷ ಹೀಗೆ ನಡೆಯಿತು. ಚೀನಾದ ಯುದ್ಧ ಆದಮೇಲೆ ಊರೂರಿಗೂ ರೇಡಿಯೋ ಬೇಕಾಯಿತು. ಹಾನಗಲ್ಲಿನ ಕಡೆಯ ಹಂಚಿನ ಮನೆಗಳಿಗೆ ಉಡಚಪ್ಪ ಬೇರೆ ಉಪಾಯ ಮಾಡಿದ. ಎತ್ತಿನ ಬೆನ್ನಿಗೆ ಎರಡೂ ಕಡೆ ಹೇರು ಹಾಕಿದ ಹಾಗೆ ಮಾಡಿನ ನೆತ್ತಿಯ ಮೇಲೆ ಕಟ್ಟಿಗೆಯ ಜೀನು ಕೂರಿಸಿ, ಆಚೆ ಈಚೆ ಕಲ್ಲು ತೂಗಿಬಿಟ್ಟ. ಎಲ್ಲಿ ಹೋದರೂ ಮನೆಯವರಿಗೆ ಒಂದೇ ಮಾತು ಹೇಳುತ್ತಿದ್ದ: ನಿಮ್ಮ ಮಾಳಿಗೆಗೆ ಸೂಜಿ ತೂತು ಬಿದ್ದರೂ ನನ್ನನ್ನು ಕೇಳಿ. ಗುದ್ಲೆಪ್ಪನ ರೇಡಿಯೋ ಮಾರುತ್ತಿದ್ದದ್ದು ಈ ಮಾತಿನ ಮೇಲೆ. ಉಡಚಪ್ಪನಿಗೆ ಇದ್ದದ್ದೂ ಆ ಮಾತೊಂದೇ. ಅದು ಹೋದರೆ ಯಾವ ಮಾಳಿಗೆಯ ಮೇಲೂ ಅವನ ಏಣಿ ನಿಲ್ಲುತ್ತಿರಲಿಲ್ಲ.

ಅರವತ್ತೈದರ ಶ್ರಾವಣದಲ್ಲಿ ಇಬ್ಬರೂ ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿಗೆ ಹೋದರು. ತಿಪ್ಪವ್ವ ಎಂಬ ವಿಧವೆಯ ಮನೆ. ಒಬ್ಬನೇ ಮಗ ಹನುಮಂತಪ್ಪ ಮಿಲಿಟರಿಯಲ್ಲಿ, ಕಾಶ್ಮೀರದ ಕಡೆ. ಗಡಿಯಲ್ಲಿ ಗದ್ದಲ ಶುರುವಾಗಿದೆ ಎಂಬ ಸುದ್ದಿ ಬಂದದ್ದೇ ಆಕೆ ಮಗ ಕಳಿಸಿದ ಹಣದಲ್ಲಿ ರೇಡಿಯೋ ಕೊಂಡಿದ್ದಳು. ಉಡಚಪ್ಪ ಹಿತ್ತಲಲ್ಲಿ ಏಣಿ ಹಾಕುವಾಗ ಆಕೆ ಹೊರಗೆ ಬಂದು ಕೇಳಿದಳು.

"ಮಾಳಗಿ ಸೋರೂದಿಲ್ಲಲ್ಲೋ ತಮ್ಮಾ? ನನ್ನ ಗಂಡ ಇದ್ದಾಗ ಕಟ್ಟಿಸಿದ್ದು."

"ಸೂಜಿ ತೂತು ಬೀಳೂದಿಲ್ರಿ ಯವ್ವಾ. ನನ್ನ ಮಾತು."

ಅವತ್ತು ಗುದ್ಲೆಪ್ಪನಿಗೆ ಗಡಿಬಿಡಿ. ಶಿಗ್ಗಾಂವಿಯಲ್ಲಿ ಇನ್ನೂ ಮೂರು ಮನೆಗಳವರು ಕಾಯುತ್ತಿದ್ದರು, ಹನ್ನೊಂದರ ಬಸ್ಸು ಹಿಡಿಯಬೇಕಿತ್ತು. ಉಡಚಪ್ಪ ಮೇಲೆ ನಿಂತು ಗುದ್ದಿಗೆ ಕಾದ. ಮೊದಲ ಗುದ್ದು ಬಂತು, ಎರಡನೆಯದೂ ಬಂತು. ಅವನು ಹಿಮ್ಮಡಿಯಿಂದ ಒತ್ತಿ ನೋಡಿದ. ಒಂಚೂರು ಪೊಳ್ಳು ಅನಿಸಿತು. ಇನ್ನೊಮ್ಮೆ ಒತ್ತಿದ. ಮತ್ತೆ ಹಾಗೇ ಅನಿಸಿತು. ಬೆಳಕಿಂಡಿಯ ಬಳಿ ಬಂದು ಬಗ್ಗಿದ.

"ತೊಲಿನ ಏನ್ರಿ ಅದು?"

"ತೊಲಿನ ಐತಪಾ. ಇಡು ಲಗೂನ."

"ಸದ್ದು ಜಂತಿದ್ದ ಹಂಗ ಬರಾಕತ್ತೈತ್ರಿ."

"ಕಣ್ಣಿಲೆ ನೋಡಿ ಹೇಳಾಕತ್ತೇನಿ ನಾ. ನನ್ನ ಕಣ್ಣ ದೊಡ್ಡದೋ ನಿನ್ನ ಕಾಲ ದೊಡ್ಡದೋ?"

ಉಡಚಪ್ಪ ಇಟ್ಟ. ಕಾಲು ಹೇಳಿದ್ದನ್ನು ಬಿಟ್ಟು ದೋಸ್ತ ಹೇಳಿದ್ದನ್ನು ನಂಬಿದ. ಈ ಒಂದು ತಪ್ಪು ಅವನದು, ಅದನ್ನು ಅವನು ಕೊನೆಯವರೆಗೂ ಇನ್ನೊಬ್ಬರ ತಲೆಗೆ ಕಟ್ಟಲಿಲ್ಲ.

ಅಲ್ಲಿ ನಡೆದದ್ದು ಇಷ್ಟು. ಆ ಮನೆಯ ತೊಲೆ ದೇವರ ಕೋಣೆಯ ಮೇಲೆ ಹಾದುಹೋಗಿತ್ತು. ಗುದ್ಲೆಪ್ಪ ಒನಕೆ ಹಿಡಿದು ಆ ಕಡೆ ಹೊರಟಾಗ ತಿಪ್ಪವ್ವ, ಜಳಕ ಮಾಡದೆ ಅಲ್ಲಿ ಯಾರೂ ಹೋಗುವ ಹಾಗಿಲ್ಲ ಎಂದಳು. ಹಿತ್ತಲಲ್ಲಿ ಎರಡು ಚೊಂಬು ನೀರು ಮೈಮೇಲೆ ಸುರಿದುಕೊಂಡಿದ್ದರೆ ಆಗುತ್ತಿತ್ತು. ಬಸ್ಸು ತಪ್ಪೀತೆಂದು ಗುದ್ಲೆಪ್ಪ ಪಡಸಾಲೆಯ ಜಂತಿಗೇ ಎರಡು ಕಡೆ ಗುದ್ದಿದ. ಇದು ಉಡಚಪ್ಪನಿಗೆ ಗೊತ್ತಾದದ್ದು ಬಹಳ ತಡವಾಗಿ.

ಉತ್ತರಿ ಮಳೆ ನಾಲ್ಕು ದಿನ ಬಿಡದೆ ಹೊಡೆಯಿತು. ನೀರುಂಡ ಮಣ್ಣು ಭಾರವಾಯಿತು, ಅದರ ಮೇಲೆ ಕಲ್ಲಿನ ಭಾರ. ಐದನೆಯ ದಿನ ಮುಂಜಾನೆ ಮಳೆ ಹೊಳವಾಗುತ್ತಲೇ ಜಂತಿ ಮುರಿದು, ಗಳ ಕಲ್ಲು ಮಣ್ಣು ಎಲ್ಲ ಪಡಸಾಲೆಗೆ ಕುಸಿಯಿತು. ತಿಪ್ಪವ್ವ ಹಾಲು ಕರೆದು ಅಡುಗೆಮನೆಗೆ ಹೋಗಿ ಆಗಷ್ಟೇ ಚರಿಗೆ ಕೆಳಗಿಟ್ಟಿದ್ದಳು. ಪಡಸಾಲೆಯ ಮೂಲೆಯಲ್ಲಿ ಕಟ್ಟಿದ್ದ ಗಬ್ಬದ ಎಮ್ಮೆಯ ಸೊಂಟ ಮುರಿಯಿತು. ಅದು ಎರಡು ತಾಸು ಒರಲಿ ಸತ್ತಿತು.

ಸುದ್ದಿ ಮುಟ್ಟಿ ಉಡಚಪ್ಪ ಹತ್ತಿಮತ್ತೂರಿನಿಂದ ಓಡೋಡಿ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಮನೆಯ ಮುಂದಿನ ಕಟ್ಟೆಯ ಮೇಲೆ ಪಂಚರು ಕೂತಿದ್ದರು, ನಡುವೆ ಹಿರಿಯ ಗೋಣೆಪ್ಪ. ಒಂದು ಬದಿಗೆ ಗುದ್ಲೆಪ್ಪ ಸೈಕಲ್ಲಿಗೆ ಆನಿಕೊಂಡು ನಿಂತಿದ್ದ. ದೋಸ್ತ ತನಗಿಂತ ಮೊದಲೇ ಬಂದಿದ್ದಾನೆಂದು ಉಡಚಪ್ಪನಿಗೆ ಸಮಾಧಾನವೇ ಆಯಿತು. ಅವನಿದ್ದರೆ ನಾಲ್ಕು ಮಾತು ಆಡುತ್ತಾನೆ ಎಂದುಕೊಂಡ.

ಗುದ್ಲೆಪ್ಪ ಆಡಿದ. "ನಾ ತೊಲಿಗೆ ಗುದ್ದೇನ್ರಿ. ಮ್ಯಾಲ ಅಂವ ಎಲ್ಲಿ ಇಟ್ಟಾನೋ ನನಗೇನ್ ಕಾಣತೈತ್ರಿ? ನಾ ಕೆಳಗ ಇದ್ದೆ."

ಉಡಚಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಗುದ್ಲೆಪ್ಪನ ಮುಖ ನೋಡಿದ. ಗುದ್ಲೆಪ್ಪ ಸೈಕಲ್ಲಿನ ಗಂಟೆಯನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದ. ಮರೆತು ಹೇಳಿದನೋ, ಹೆದರಿ ಹೇಳಿದನೋ, ಮಾತು ತಿದ್ದಿಕೊಳ್ಳುತ್ತಾನೋ ಎಂದು ಉಡಚಪ್ಪ ಕಾದ. ತಿದ್ದಿಕೊಳ್ಳಲಿಲ್ಲ.

"ನಾ ಬೆಳಕಿಂಡ್ಯಾಗ ಬಗ್ಗಿ ಕೇಳೇನ್ರಿ," ಎಂದ ಉಡಚಪ್ಪ. "ಜಂತಿ ಸದ್ದು ಬರಾಕತ್ತೈತಿ ಅಂತ ಹೇಳೇನಿ. ತೊಲಿನ ಐತಿ, ಇಡು ಅಂದ್ರು."

"ಹಂಗ ಕೇಳೇ ಇಲ್ರಿ ಅಂವ," ಎಂದ ಗುದ್ಲೆಪ್ಪ, ಗಂಟೆಯಿಂದ ಕಣ್ಣೆತ್ತದೆ.

ಗೋಣೆಪ್ಪ ಇಬ್ಬರನ್ನೂ ನೋಡಿದ. "ಒಬ್ಬ ಹೌದು ಅಂತಾನ, ಒಬ್ಬ ಇಲ್ಲ ಅಂತಾನ. ನಾವು ಯಾರ್ದು ನಂಬೂಣು?"

"ಯಾರ್ದೂ ನಂಬಬ್ಯಾಡ್ರಿ," ಎಂದ ಉಡಚಪ್ಪ. "ಗುದ್ದಿದಲ್ಲಿ ಸುಣ್ಣದ ಗುರ್ತು ಇರತೈತಿ. ಒಳಗ ಹೋಗಿ ನೋಡ್ರಿ. ಗುರ್ತು ತೊಲಿ ಮ್ಯಾಲ ಇದ್ರ ತಪ್ಪು ನಂದು, ಜಂತಿ ಮ್ಯಾಲ ಇದ್ರ ಗುದ್ದಿದವರದು."

ಮಾತು ಸರಿ ಅನಿಸಿತು ಪಂಚರಿಗೆ. ಮನೆಯಾಕೆಯೇ ನೋಡಿ ಹೇಳಲಿ ಎಂದರು. ತಿಪ್ಪವ್ವ ಒಳಗೆ ಹೋದಳು. ಉಡಚಪ್ಪನಿಗೆ ಧೈರ್ಯ ಬಂತು. ಮಗನನ್ನು ಗಡಿಗೆ ಕಳಿಸಿ ಕೂತ ತಾಯಿ, ಸುಳ್ಳು ಹೇಳಿ ಏನು ಮಾಡುತ್ತಾಳೆ ಎಂದುಕೊಂಡ. ಆಕೆ ಹೊರಗೆ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಗುರ್ತು ತೊಲಿ ಮ್ಯಾಲ ಐತ್ರಿ," ಎಂದಳು. "ಎರಡೂ ತೊಲಿ ಮ್ಯಾಲ ಅದಾವ. ಜಂತಿ ಮ್ಯಾಲ ಏನೂ ಇಲ್ಲ."

ಅಲ್ಲಿಗೆ ಮುಗಿಯಿತು. ಹೆಚ್ಚು ಮಾತಿಲ್ಲದೆ ಪಂಚರು ತೀರ್ಮಾನ ಹೇಳಿದರು. ಉಡಚಪ್ಪನ ಕಾಲು ಇನ್ನು ಆ ಊರಿನ ಯಾವ ಮಾಳಿಗೆಯ ಮೇಲೂ ಬೀಳಬಾರದು; ಸುತ್ತಲಿನ ಊರುಗಳಿಗೂ ಹೇಳಿ ಕಳಿಸಬೇಕು. ಉಡಚಪ್ಪ ತನ್ನ ಕಾಲನ್ನೇ ನೋಡುತ್ತ ನಿಂತ. ತನ್ನದೇ ತಪ್ಪಿರಬಹುದೇ ಎಂದು ಒಂದು ಗಳಿಗೆ ಅನಿಸಿತು. ಅಷ್ಟು ಜನ ಹೇಳಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ.

ಪಡುವಣದಲ್ಲಿ ಮತ್ತೆ ಮೋಡ ಕಟ್ಟುತ್ತಿತ್ತು. ಮಾಳಿಗೆಯಲ್ಲಿ ಬಂಡಿಯಗಲದ ತೂತು ಬಾಯಿ ತೆರೆದುಕೊಂಡಿತ್ತು. ಅದನ್ನು ಮುಚ್ಚಬಲ್ಲವರು ಅಲ್ಲಿ ಬೇರೆ ಯಾರಿದ್ದರು? ಗೋಣೆಪ್ಪನೇ ಕೆಮ್ಮಿ, ಗಂಟಲು ಸರಿಮಾಡಿಕೊಂಡು ಹೇಳಿದ.

"ಇದೊಂದು ಮುಚ್ಚಿ ಹೋಗಪಾ. ಇದ ಕಡೀದು."

ನಾಚಿಕೆ ಎಂಬುದು ಆ ಕಟ್ಟೆಯ ಮೇಲೆ ಯಾರಿಗೂ ಇರಲಿಲ್ಲ. ಉಡಚಪ್ಪ ಹಿತ್ತಲಿಗೆ ಹೋಗಿ ಏಣಿ ಹಾಕಿ ಹತ್ತಿದ. ತೆರೆದ ಮಾಳಿಗೆಯನ್ನು ಹಾಗೇ ಬಿಟ್ಟು ಹೋಗುವುದು ಅವನ ಕೈಲಿ ಆಗುವ ಕೆಲಸವಾಗಿರಲಿಲ್ಲ.

ತೂತಿನ ಅಂಚಿಗೆ ಬಂದು ಬಗ್ಗಿದ. ಒಂದು ಮನೆಯ ಒಳಗನ್ನು ಅವನು ಹಾಗೆ ಪೂರ್ತಿ ನೋಡಿದ್ದು ಅದೇ ಮೊದಲು. ಗೂಟಕ್ಕೆ ತೂಗುಹಾಕಿದ ಮಗನ ಪಟ, ಗೂಡಿನಲ್ಲಿ ಬಟ್ಟೆ ಮುಚ್ಚಿದ ರೇಡಿಯೋ, ನೆಲದ ಮೇಲೆ ಮಣ್ಣಿನ ಗುಡ್ಡೆ, ಅದರೊಳಗೆ ತಲೆಕೆಳಗಾಗಿ ಬಿದ್ದ ತನ್ನ ಜಾಲಿಯ ಕಾಲು. ಮುರಿದ ಜಂತಿಯ ಒಂದು ತುಂಡು ಗೋಡೆಗೆ ನೇತಾಡುತ್ತಿತ್ತು. ಅದರ ಮೈಮೇಲೆ ಒನಕೆಯ ತುದಿಯಷ್ಟಗಲ ಹೊಸದಾಗಿ ಹೆರೆದ ಕಲೆ ಕಾಣಿಸಿತು. ಕಟ್ಟಿಗೆ ಅಲ್ಲಿ ಮಾತ್ರ ಹಸಿ ಬಣ್ಣಕ್ಕೆ ತಿರುಗಿತ್ತು.

ಉಡಚಪ್ಪ ಏಣಿಯನ್ನು ಮೇಲಕ್ಕೆಳೆದುಕೊಂಡ. ತೂತಿನೊಳಗೆ ಇಳಿಬಿಟ್ಟ. ಯೋಚನೆ ಮಾಡಿದ್ದರೆ ಇಳಿಯುತ್ತಿದ್ದನೋ ಇಲ್ಲವೋ. ಅವನು ಯೋಚನೆ ಮಾಡಲಿಲ್ಲ.

ಮಣ್ಣಿನ ಗುಡ್ಡೆ ದಾಟಿ ದೇವರ ಕೋಣೆಯ ಬಾಗಿಲಿಗೆ ಬಂದು ತಲೆ ಎತ್ತಿದ. ತೊಲೆಯ ಮೇಲೆ ಎರಡು ಬಿಳಿಯ ಗುರುತುಗಳಿದ್ದವು. ಕೈ ಎತ್ತಿ ಮುಟ್ಟಿದ. ಸುಣ್ಣ ಬೆರಳಿಗೆ ಅಂಟಿತು. ತಿಂಗಳ ಹಿಂದೆ ಗುದ್ದಿದ ಸುಣ್ಣ ಕಲ್ಲಿನ ಹಾಗೆ ಒಣಗಿರಬೇಕು. ಇದು ಮೊಸರಿನ ಹಾಗಿತ್ತು.

ಹಿಂದೆ ಯಾರೋ ಉಸಿರೆಳೆದ ಸದ್ದಾಯಿತು. ಅಡುಗೆಮನೆಯ ಬಾಗಿಲಲ್ಲಿ ತಿಪ್ಪವ್ವ ನಿಂತಿದ್ದಳು.

"ಹಸಿ ಐತ್ರಿ ಯವ್ವಾ ಇದು," ಎಂದ ಉಡಚಪ್ಪ.

ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಹೇಳಿದಳು. "ಅಂವ ಮುಂಜಾನೆ ಬಂದಿದ್ದ. ಜಳಕ ಮಾಡಿನ ಬಂದಿದ್ದ. ಸುಮ್ಮನಿದ್ರ ಇವತ್ತ ತಂತಿ ಕಟ್ಟಿ ಸಂಜೀ ಸುದ್ದಿ ಕೇಳಸ್ತೇನಿ ಅಂದ. ಇಲ್ಲಂದ್ರ ರೇಡಿಯೋ ತಗೊಂಡ ಹೋಗತೇನಿ, ಮತ್ತ್ಯಾರೂ ನಿಮ್ಮೂರಿಗೆ ಬರೂದಿಲ್ಲ ಅಂದ. ಈ ಮಳ್ಯಾಗ ರೇಡಿಯೋ ಕೇಳಸದ ನಾಕ ದಿನ ಆತು ತಮ್ಮಾ, ನನ್ನ ಮಗ ಅದಾನೋ ಇಲ್ಲೋ ಗೊತ್ತಿಲ್ಲ."

ಉಡಚಪ್ಪನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆಕೆಯ ಮೇಲೆ ಬರಲಿಲ್ಲ. ಜಳಕ ಮಾಡಿ ಬಂದಿದ್ದ ಎಂಬ ಮಾತು ಅವನ ಕಿವಿಯಲ್ಲಿ ನಿಂತುಬಿಟ್ಟಿತು. ಗುದ್ದಲು ಬಂದ ದಿನ ಎರಡು ಚೊಂಬು ನೀರಿಗೆ ಪುರಸೊತ್ತಿಲ್ಲದವನು, ಸುಳ್ಳು ಗುರುತು ಹಾಕಲು ಜಳಕ ಮಾಡಿ ಬಂದಿದ್ದ. ಐದು ವರ್ಷ ಒಂದೇ ಬಾಕಿನ ಮೇಲೆ ಕೂತವನು. ಶಾರವ್ವ ಅವನಿಗೆಂದು ಎಣ್ಣೆ ತೆಗೆದಿಟ್ಟು ಮುಟಿಗಿ ಮಾಡುತ್ತಿದ್ದಳು.

"ಇದ ಮಾತು ಹೊರಗ ಬಂದು ಹೇಳ್ರಿ ಯವ್ವಾ. ನನಗ ಬ್ಯಾರೆ ಏನೂ ಬ್ಯಾಡ."

"ನನ್ನ ಕೈಲಿ ಆಗೂದಿಲ್ಲಪಾ. ನೀ ಮೊದಲ ಮ್ಯಾಲ ಹತ್ತು, ಯಾರರ ನೋಡ್ಯಾರು. ಒಳಗ ಬಂದೀ ಅಂತ ಗೊತ್ತಾದ್ರ ನಿನ್ನ ಬಿಡೂದಿಲ್ಲ."

ಅವನಿಗೆ ಆಗ ತಿಳಿಯಿತು. ಬೆರಳಿನ ಮೇಲೆ ಸತ್ಯ ಇದೆ, ಆದರೆ ಅದನ್ನು ಎಲ್ಲಿಂದ ತಂದೆ ಎಂದು ಕೇಳಿದರೆ ಒಳಗೆ ಹೋಗಿದ್ದೆ ಎನ್ನಬೇಕು. ಏಣಿ ಹತ್ತಿ ಹೋದರೆ ಸುಳ್ಳುಗಾರನಾಗಿ ಉಳಿಯುತ್ತಾನೆ. ಈಗ ಮೇಲೆ ಹೋದರೆ ಮುಂದೆಂದೂ ಮೇಲೆ ಹೋಗಲಾರ. ತೊಲೆಯನ್ನು ಇನ್ನೊಮ್ಮೆ ನೋಡಿದ, ದಪ್ಪನೆಯ ತೇಗಿನ ತೊಲೆ, ಇಂಥ ಹತ್ತು ಗಳದ ಭಾರ ಹೊರುವಂಥದ್ದು. ಮತ್ತೆ ಏಣಿಯ ಕಡೆ ತಿರುಗಲಿಲ್ಲ.

ಮುಂಬಾಗಿಲಿನಿಂದ ಹೊರಗೆ ಬಂದ. ಹೊಸ್ತಿಲು ದಾಟಿ ಕಟ್ಟೆಯ ಅಂಚಿನಲ್ಲಿ, ಪಂಚರ ಎದುರಿಗೆ ನಿಂತು ಬೆರಳನ್ನು ಮುಂದೆ ಹಿಡಿದ.

"ಸುಣ್ಣ ಇನ್ನೂ ಹಸಿ ಐತ್ರಿ," ಎಂದ. "ಇವತ್ತ ಮುಂಜಾನೆ ಹಾಕಿದ್ದು. ಜಂತಿ ಮ್ಯಾಲಿನ ಗುರ್ತು ಹೆರದಾರ. ನಾ ಹೇಳಿದ್ದು ನಂಬಬ್ಯಾಡ್ರಿ, ಎದ್ದು ಹೋಗಿ ಮುಟ್ಟಿ ನೋಡ್ರಿ."

ಯಾರೂ ಏಳಲಿಲ್ಲ. ಗೋಣೆಪ್ಪನ ಕಣ್ಣು ಬೆರಳಿನ ಮೇಲೆ ಇರಲಿಲ್ಲ, ಉಡಚಪ್ಪನ ಹಿಂದಿನ ಬಾಗಿಲ ಮೇಲಿತ್ತು. ಕಟ್ಟೆಯ ಮೇಲಿನ ಎಲ್ಲರ ಕಣ್ಣೂ ಅಲ್ಲೇ ಇದ್ದವು. ಉಡಚಪ್ಪ ಅವರನ್ನೆಲ್ಲ ಬಿಟ್ಟು ಗುದ್ಲೆಪ್ಪನ ಕಡೆ ತಿರುಗಿದ. ಇವನೊಬ್ಬ ತನ್ನ ಮುಖ ನೋಡಿದರೆ ಸಾಕು, ಒಂದು ಮಾತು ಬೇಡ, ತಲೆ ತಗ್ಗಿಸಿದರೂ ಸಾಕು ಅನಿಸಿತ್ತು ಅವನಿಗೆ.

ಗುದ್ಲೆಪ್ಪ ಅವನ ಮುಖವನ್ನೇ ನೋಡುತ್ತಿದ್ದ. ಪಂಚರಿಗಿಂತ ಮೊದಲು ಬಾಯಿ ತೆರೆದವನು ಅವನೇ.

"ನೀ ಮನಿ ಒಳಗ ಹೆಂಗ ಹೋದಿ?" ಎಂದ ಗುದ್ಲೆಪ್ಪ, ಊರಿಗೆಲ್ಲ ಕೇಳುವ ಹಾಗೆ. "ಹೇಳಲೇ, ನಿನ್ನ ಒಳಗ ಯಾರು ಬಿಟ್ರು?"

ಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತರು. ಸುಣ್ಣದ ಮಾತನ್ನು ಅವತ್ತೂ ಯಾರೂ ಕೇಳಲಿಲ್ಲ, ಆಮೇಲೂ ಯಾರೂ ಕೇಳಲಿಲ್ಲ.